ಚೆಕಿಂಗ್ ಸಾಹೇಬರ ಚಿಮಣಿ

ನಮ್ಮ ಬೀದಿಯಲ್ಲಿ ಯಾವ ಮನೆಯ ಬೆಲ್ ಒತ್ತಬೇಕಾದರೂ ಮೊದಲು ಅವರನ್ನು ದಾಟಿಕೊಂಡು ಬರಬೇಕಿತ್ತು. ಗ್ಯಾಸ್ ಸ್ಟೌ ರಿಪೇರಿಯವರು, ನೀರಿನ ಫಿಲ್ಟರಿನವರು, ಸೊಳ್ಳೆ ಪರದೆ ಹಾಕುವವರು, ಯಾರೇ ಬರಲಿ, ಬೀದಿಯ ಮೊದಲ ಮನೆಯ ಗೇಟಿಗೆ ಮೊಣಕೈ ಊರಿ ನಿಂತ ಆ ಎತ್ತರದ ಮನುಷ್ಯ ತಡೆದು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಎಲ್ಲಿ ಹತ್ತಿದ್ರಿ?"

ಬಂದವರು ಕಕ್ಕಾಬಿಕ್ಕಿಯಾಗುತ್ತಿದ್ದರು. ಬೈಕಿನಲ್ಲಿ ಬಂದವರನ್ನು ಎಲ್ಲಿ ಹತ್ತಿದಿರಿ ಎಂದು ಕೇಳಿದರೆ ಏನು ಹೇಳಬೇಕು? ಆದರೆ ಜೀವಮಾನವೆಲ್ಲ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರ ಬಾಯಿಗೆ ಬೇರೆ ಪ್ರಶ್ನೆ ಬರುತ್ತಿರಲಿಲ್ಲ. ನಿಮ್ಮನ್ನು ಯಾರು ಕರೆದರು, ಯಾವ ಮನೆಗೆ ಬಂದಿದ್ದೀರಿ, ಎಲ್ಲಿಂದ ಬಂದಿರಿ ಎಂಬುದೆಲ್ಲ ಆ ಒಂದು ಮಾತಿನಲ್ಲೇ ಸೇರಿತ್ತು. ಬೀದಿಯವರಿಗೆ ಅವರು ಚೆಕಿಂಗ್ ಸಾಹೇಬರು. ಅವರ ನಿಜವಾದ ಹೆಸರು ಪೋಸ್ಟ್‌ಮ್ಯಾನ್ ಒಬ್ಬನಿಗೆ ಗೊತ್ತಿತ್ತೇನೋ.

ಸತ್ತವರನ್ನೆಲ್ಲ ದೇವರು ಮಾಡುವ ಅಭ್ಯಾಸ ನನಗಿಲ್ಲ. ಅವರು ಇದ್ದಾಗ ನಾನು ಅವರ ಮೇಲೆ ರೇಗಿದ್ದೇ ಹೆಚ್ಚು. ನನ್ನದು ಚಿತ್ರದುರ್ಗದ ಪೇಟೆಯಲ್ಲಿ ಒಂದು ಚಿಕ್ಕ ಕನ್ನಡಕದ ಅಂಗಡಿ. ಎಪ್ಪತ್ತು ದಾಟಿದರೂ ಈ ಮನುಷ್ಯ ಕನ್ನಡಕ ಹಾಕದೆ ಪೇಪರ್ ಓದುತ್ತಾರಲ್ಲ ಎಂದು ನನಗೆ ವೃತ್ತಿಸಹಜವಾದ ಒಂದು ಹೊಟ್ಟೆಕಿಚ್ಚೂ ಇತ್ತು. "ನಿಮ್ಮಂಥೋರು ನಾಲ್ಕು ಜನ ಇದ್ರೆ ನಾನು ಅಂಗಡಿ ಮುಚ್ಚಬೇಕು" ಎಂದು ಹೇಳಿದರೆ, ಅದು ಹೊಗಳಿಕೆ ಎಂದು ತಿಳಿದು ಮೀಸೆ ತೀಡುತ್ತಿದ್ದರು.

ಅವರು ಮದಕರಿಪುರದವರು, ಕುರಿ ಸಾಕಿದ ಮನೆತನ. ಚಿಕ್ಕವರಿದ್ದಾಗ ಕುರಿ ಕಾದಿದ್ದರಂತೆ. ನಮ್ಮ ಹಿಂಡಿನೊಳಗೆ ಬೇರೆಯವರ ಕುರಿಯೊಂದು ಸೇರಿಕೊಂಡರೆ ಅದು ಎಲ್ಲದರ ಜೊತೆಗೇ ನಡೆಯುತ್ತದೆ, ಮೇಯುತ್ತದೆ, ಆದರೆ ಆಗಾಗ ಕತ್ತು ತಿರುಗಿಸಿ ನೋಡುತ್ತಿರುತ್ತದೆ ಎನ್ನುತ್ತಿದ್ದರು. ಟಿಕೆಟ್ ಇಲ್ಲದವನೂ ಹಾಗೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ರಸ್ತೆಗಳಲ್ಲಿ ಮರದ ನೆರಳೂ ಇಲ್ಲದ ಯಾವುದಾದರೂ ಕ್ರಾಸಿನಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಮಾಡಿ, ಹತ್ತಿ, ಕಂಬಿ ಹಿಡಿದು ಒಂದು ಸಲ ಉದ್ದಕ್ಕೂ ನೋಡಿದರೆ ಸಾಕಿತ್ತಂತೆ. ಹುಟ್ಟಿದಾಗಿನಿಂದ ನೋಡಿದ ಗುಡ್ಡವನ್ನೇ ಇವತ್ತು ಮೊದಲ ಸಲ ನೋಡುತ್ತಿರುವವನ ಹಾಗೆ ಕಿಟಕಿಯಾಚೆ ದಿಟ್ಟಿಸುತ್ತಿರುವವನ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಎಂದೂ ಕೂಗಾಡಿದವರಲ್ಲ. "ಟಿಕೆಟ್ ಐತೇನಪ್ಪ?" ಎಂದು ಮನೆಯ ನೆಂಟರನ್ನು ಮಾತಾಡಿಸುವ ಹಾಗೆ ಕೇಳುತ್ತಿದ್ದರು ಎಂದು ಅವರ ಜೊತೆ ಕೆಲಸ ಮಾಡಿದವರೊಬ್ಬರು ನನ್ನ ಅಂಗಡಿಗೆ ಬಂದಾಗ ಹೇಳಿದ್ದರು.

ನಮ್ಮದು ಹೊಸ ಬಡಾವಣೆ. ಎಲ್ಲ ಮನೆಗಳೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಎದ್ದವು. ಅಡುಗೆಮನೆಯ ಕಪಾಟು ಮಾಡಲು ಬಂದವನು ಎಲ್ಲರ ತಲೆಯಲ್ಲೂ ಚಿಮಣಿಯ ಹುಳ ಬಿಟ್ಟು ಹೋದ. ಒಲೆಯ ಮೇಲೆ ಗೋಡೆಗೆ ಗಾಜಿನ ಮುಖದ ಆ ಪೆಟ್ಟಿಗೆ ಬಂದು ಕೂತಿತು. ಗುಂಡಿ ಒತ್ತಿದರೆ ಗುಂಯ್ ಎಂದು ಹೊಗೆ ಎಳೆದುಕೊಳ್ಳುತ್ತದೆ. ಆದರೆ ನಾವು ಅದರ ಕೆಳಗೆ ಮಾಡುವುದೇನು? ಒಣಮೆಣಸಿನಕಾಯಿ ಹುರಿಯುವುದು, ಶೇಂಗಾ ಹುರಿಯುವುದು, ಮಂಡಕ್ಕಿಗೆ ಒಗ್ಗರಣೆ ಕೊಡುವುದು, ಸಂಜೆಯಾದರೆ ಮೆಣಸಿನಕಾಯಿ ಬಜ್ಜಿ ಕರಿಯುವುದು. ವರ್ಷ ತುಂಬುವುದರೊಳಗೆ ಜಿಡ್ಡು ಕಟ್ಟಿ ಚಿಮಣಿ ನರಳತೊಡಗುತ್ತದೆ. ಆ ನರಳಾಟ ರಸ್ತೆಗೇ ಕೇಳಿಸುತ್ತದೋ ಏನೋ, ಹಿಂದೆಯೇ ಸರ್ವೀಸಿನವರು ಬರುತ್ತಾರೆ.

ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ನಮ್ಮ ಬೀದಿಗೆ ಬರುತ್ತಿದ್ದವರು ಜೋಡಿಯಾಗಿ ಬರುತ್ತಿದ್ದರು, ಅಂಗಿಯ ಜೇಬಿನ ಮೇಲೆ ಕಂಪನಿಯ ಹೆಸರು, ಬೆನ್ನಿಗೆ ಚೀಲ. ಇವತ್ತು ಈ ಏರಿಯಾದಲ್ಲಿ ಚಿಮಣಿ ಫ್ರೀ ಚೆಕಪ್ ಎನ್ನುತ್ತಾರೆ. ಒಳಗೆ ಬಿಟ್ಟುಕೊಂಡರೆ ಮುಗಿಯಿತು. ಫಿಲ್ಟರ್ ಕಳಚುತ್ತಾರೆ, ಏನೋ ಸ್ಪ್ರೇ ಹೊಡೆಯುತ್ತಾರೆ, ಕಪ್ಪಗೆ ಜಿಡ್ಡು ಸುರಿಯುತ್ತದೆ. ಒಬ್ಬ ಇನ್ನೊಬ್ಬನ ಮುಖ ನೋಡಿ ತಲೆ ಅಲ್ಲಾಡಿಸುತ್ತಾನೆ. ಮೋಟಾರಿನ ಕಾಯಿಲ್ ಸುಟ್ಟಿದೆ, ಹೀಗೇ ಬಿಟ್ಟರೆ ಬೆಂಕಿ ಹತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಗ್ಯಾಸು ಬೇರೆ ಇದೆ ಎಂದು ಹೆದರಿಸುತ್ತಾರೆ. ಚೆನ್ನಾಗಿದ್ದ ಮೋಟಾರು ವರ್ಕ್‌ಶಾಪಿಗೆಂದು ಹೋಗಿ, ಯಾರದೋ ಮನೆಯ ಹಳೆಯ ಮೋಟಾರು ಬಣ್ಣ ಬಳಿದುಕೊಂಡು ವಾಪಸ್ಸು ಬರುತ್ತದೆ.

ಇದೆಲ್ಲ ನಮಗೆ ಹೇಳಿಕೊಟ್ಟವರೇ ಚೆಕಿಂಗ್ ಸಾಹೇಬರು. ಅವರಿಗೆ ಮೋಟಾರಿನ ಬಗ್ಗೆ ನನಗಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮನುಷ್ಯರ ಕತ್ತು ತಿರುಗುವ ರೀತಿ. ಕರೆಯದೆ ಬಂದವನನ್ನು ಅಡುಗೆಮನೆಗೆ ಬಿಡಬೇಡಿ. ಕರೆಯಬೇಕಾದರೂ ಫೋನಿನಲ್ಲಿ ಹುಡುಕಿ ಸಿಕ್ಕ ನಂಬರಿಗೆ ಕರೆಯಬೇಡಿ, ಕೊಂಡಾಗ ಕೊಟ್ಟ ಬಿಲ್ಲಿನ ಮೇಲಿರುವ ನಂಬರಿಗೆ ಕರೆಯಿರಿ. ಬಿಚ್ಚಿದ ಸಾಮಾನು ಮನೆಯ ಹೊಸ್ತಿಲು ದಾಟಬಾರದು. ಹೊಸದು ಹಾಕಿದರೆ ಹಳೆಯದನ್ನು ಕೈಗೆ ಇಸಿದುಕೊಳ್ಳಿ. ಓಡಿಸಿ ನೋಡುವ ತನಕ ಪರ್ಸು ತೆಗೆಯಬೇಡಿ. ಓಡುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಅವರದೇ ಒಂದು ಉಪಾಯವಿತ್ತು. ಜೇಬಿನಿಂದ ಹಳೆಯ ಬಸ್ ಟಿಕೆಟ್ಟೊಂದನ್ನು ತೆಗೆದು ಚಾಲೂ ಇರುವ ಚಿಮಣಿಯ ಫಿಲ್ಟರಿಗೆ ಹಿಡಿದು ಕೈಬಿಡುತ್ತಿದ್ದರು. ಟಿಕೆಟ್ಟು ಅಂಟಿಕೊಂಡು ನಿಂತರೆ, "ಉಸ್ರು ಐತೆ, ಏನೂ ಆಗಿಲ್ಲ" ಎಂದು ತೀರ್ಪು ಕೊಡುತ್ತಿದ್ದರು.

ಒಂದು ದಿನ ಇಬ್ಬರು ನಮ್ಮ ಮನೆಗೇ ಬಂದರು. ನಾನು ಅಂಗಡಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಸಾಹೇಬರು ಅವರ ಹಿಂದೆಯೇ ಬಂದರು. ಯಾರು ಕರೆದದ್ದು ಎಂದು ಕೇಳಿದ್ದಕ್ಕೆ ಈ ಮನೆಯ ಮೇಡಂ ಬೆಳಿಗ್ಗೆ ಫೋನು ಮಾಡಿದ್ದರು ಎಂದರು. ನನ್ನ ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು, ಅಲ್ಲಿಂದ ಚಿಮಣಿಯ ಯೋಚನೆ ಮಾಡುವ ಜಾಯಮಾನ ಅವಳದಲ್ಲ. ನನಗೆ ಸಿಟ್ಟು ನೆತ್ತಿಗೇರಿ ಇನ್ನೇನು ಬಾಯಿ ತೆಗೆಯಬೇಕು, ಸಾಹೇಬರು ನನ್ನ ಭುಜ ಒತ್ತಿ, "ಹೌದಾ, ಕುಂತ್ಕಳ್ರಿ ಹಂಗಾರೆ, ಮೇಡಂ ಬರ್ತಾರೆ" ಎಂದು ಅವರನ್ನು ವರಾಂಡದಲ್ಲಿ ಕೂರಿಸಿ, ತಮ್ಮ ಮನೆಯಿಂದ ಎರಡು ಲೋಟ ಮಜ್ಜಿಗೆ ತರಿಸಿಕೊಟ್ಟರು. ತಾವೂ ಎದುರಿಗೆ ಕೂತು ಸುಮ್ಮನೆ ಅವರನ್ನೇ ನೋಡುತ್ತಿದ್ದರು. ಅವರು ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು, ಬೇರೆ ಕಡೆ ಅರ್ಜೆಂಟಿದೆ ಎಂದು ಬೈಕು ಹತ್ತಿದರು. ಬೈದಿದ್ದರೆ ನಾಳೆ ಇನ್ನೊಂದು ಬೀದಿಗೆ ಹೋಗುತ್ತಿದ್ದರು, ಮಜ್ಜಿಗೆ ಕುಡಿಸಿದರೆ ಈ ಊರಿಗೇ ಬರುವುದಿಲ್ಲ ಎಂದು ಸಾಹೇಬರ ವಾದ. ಅದು ನಿಜವಾಯಿತೋ ಇಲ್ಲವೋ ನನಗೆ ತಿಳಿಯದು.

ಅವರು ಎಡವಿದ್ದೂ ಉಂಟು. ನಾನೇ ಫೋನು ಮಾಡಿ ಕರೆಸಿದ್ದ ನೀರಿನ ಫಿಲ್ಟರಿನವನನ್ನು ಅವನು ನಿಂತ ಭಂಗಿ ಸರಿಯಿಲ್ಲವೆಂದು ಗೇಟಿನಿಂದಲೇ ವಾಪಸ್ಸು ಕಳಿಸಿದ್ದರು. ಅವನು ಮತ್ತೆ ಬರಲಿಲ್ಲ. ವಾರಗಟ್ಟಲೆ ನಾವು ನೀರು ಕಾಯಿಸಿ ಕುಡಿದೆವು. ನಾನು ಹೋಗಿ ಚೆನ್ನಾಗಿ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕಾದಾರಿದ ನೀರು ಆರೋಗ್ಯಕ್ಕೆ ಒಳ್ಳೆಯದು ಎಂದರು. ಅಂಥವರ ಜೊತೆ ಜಗಳ ಆಡುವುದು ಹೇಗೆ?

ಅವರನ್ನು ಎಲ್ಲರಿಗಿಂತ ಹೆಚ್ಚು ನೆಚ್ಚಿಕೊಂಡಿದ್ದವಳು ಬೀದಿಯ ಕೊನೆಯ ಮನೆಯ ಗೌರಕ್ಕ. ಗಂಡ ತೀರಿಕೊಂಡ ಮೇಲೆ ಅವಳು ಅಡುಗೆಮನೆಯಲ್ಲೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಸಾರಿನ ಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಹುರಿದರೆ ಘಾಟು ಮೂರು ಮನೆಯಾಚೆಗೂ ಹೋಗುತ್ತಿದ್ದ ಕಾಲವೊಂದಿತ್ತು. ಮಹಡಿಯ ಬಾಡಿಗೆಯವರು ಕೆಮ್ಮಿ ಕೆಮ್ಮಿ ಮನೆ ಬಿಟ್ಟಿದ್ದರು. ಹಾಗಾಗಿ ಅವಳು ದೊಡ್ಡ ಮೋಟಾರಿನ ಚಿಮಣಿ ಹಾಕಿಸಿದ್ದಳು. ಉಳಿದವರ ಮನೆಯಲ್ಲಿ ಚಿಮಣಿ ಶೋಕಿಯಾದರೆ ಅವಳ ಮನೆಯಲ್ಲಿ ಅದು ಅನ್ನ. ಹೊಸ ಪುಡಿ ಮಾಡಿದಾಗಲೆಲ್ಲ ಮೊದಲ ಚಮಚ ಸಾಹೇಬರಿಗೆ. ಅವರು ಅಂಗೈಯಲ್ಲಿ ಹಾಕಿಸಿಕೊಂಡು ನೆಕ್ಕಿ, ಉಪ್ಪು ಕಮ್ಮಿ ಎಂದರೆ ಕಮ್ಮಿ. "ಸಾಹೇಬ್ರು ಪಾಸ್ ಮಾಡಿದ್ರೆ ಊರೇ ಪಾಸ್ ಮಾಡ್ದಂಗೆ" ಎನ್ನುತ್ತಿದ್ದಳು ಅವಳು.

ಇಂಥ ಮನುಷ್ಯನ ಗೇಟಿನ ಮುಂದೆ ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನವನೊಬ್ಬ ಬಂದು ನಿಂತ. ಜೊತೆಗೆ ಯಾರೂ ಇರಲಿಲ್ಲ, ಅಂಗಿಯ ಮೇಲೆ ಕಂಪನಿಯ ಹೆಸರೂ ಇರಲಿಲ್ಲ. ಸಾಹೇಬರು ಎಂದಿನ ಪ್ರಶ್ನೆ ಕೇಳುವ ಮೊದಲೇ ಅವನು ಬಗ್ಗಿ ಅವರ ಕಾಲು ಮುಟ್ಟಿ, ತಾನು ಹೊಳಲ್ಕೆರೆಯ ಇಂಥ ಕಂಡಕ್ಟರ ಮಗ ಎಂದು ಹೇಳಿದ. ಚಿಮಣಿ ಸರ್ವೀಸ್ ಕಲಿತಿದ್ದೇನೆ, ದುರ್ಗದಲ್ಲಿ ಯಾರ ಪರಿಚಯವೂ ಇಲ್ಲ ಎಂದ. ನಾನು ಪಕ್ಕದಲ್ಲೇ ಇದ್ದೆ. ಸಾಹೇಬರ ಮುಖ ಒಂಥರಾ ಆಯಿತು. ಎಲ್ಲಿ ಹತ್ತಿದೆ ಎಂದು ಕೇಳಲಿಲ್ಲ. ಏನನ್ನೂ ಕೇಳಲಿಲ್ಲ. ಅವನ ಭುಜ ಹಿಡಿದುಕೊಂಡು ಒಳಗೆ ಕರೆದೊಯ್ದು ತಿಂಡಿ ಕೊಡಿಸಿದರು. ಆಮೇಲೆ ತಾವೇ ಮನೆಮನೆಗೂ ಕರೆದುಕೊಂಡು ಬಂದು ಹೇಳಿದರು.

"ಇವ ನಮ್ಮೋನು, ನಮ್ಮ ಕಂಡಕ್ಟ್ರ ಮಗ. ಧೈರ್ಯವಾಗಿ ಕೊಡ್ರಿ."

ಬಸ್ಸಿನವರಲ್ಲಿ ಒಂದು ಪದ್ಧತಿ ಇದೆ. ಡ್ರೈವರೋ ಕಂಡಕ್ಟರೋ ರಜೆಯ ಮೇಲೆ ಊರಿಗೆ ಹೋಗುವಾಗ ಬಸ್ಸು ಹತ್ತಿ "ಸ್ಟಾಫ್" ಎಂದರೆ ಸಾಕು. ಯಾರೂ ಮುಂದೆ ಕೇಳುವುದಿಲ್ಲ, ಕೇಳಿದರೆ ಮರ್ಯಾದೆ ಅಲ್ಲ. ಸಾಹೇಬರು ಅವನನ್ನು ಹಾಗೆ ಒಳಗೆ ಬಿಟ್ಟುಕೊಂಡರು. ಅವರು ಬಿಟ್ಟುಕೊಂಡ ಮೇಲೆ ನಾವು ಬಾಗಿಲು ಹಾಕುವುದುಂಟೇ?

ಅವನು ಮೊದಲು ಸಾಹೇಬರ ಮನೆಯ ಚಿಮಣಿಯನ್ನು ಬಿಚ್ಚಿ ಫಳಫಳ ತೊಳೆದು ಹಾಕಿದ. ಅದು ಹೊಸದರ ಹಾಗೆ ಓಡಿತು. ಆಮೇಲೆ ನಮ್ಮೆಲ್ಲರ ಮನೆಗಳಲ್ಲಿ ಮೋಟಾರು ಬಿಚ್ಚಿದ, ಕಾಯಿಲ್ ಸುತ್ತಿಸಬೇಕು ಎಂದ, ಅದಕ್ಕೂ ವರ್ಷದ ಸರ್ವೀಸಿಗೂ ಸೇರಿಸಿ ಹಣ ಇಸಿದುಕೊಂಡ. ಹೊಸ್ತಿಲು ದಾಟಬಾರದು ಎಂದು ಕಲಿಸಿದ್ದವರೇ ಮೋಟಾರುಗಳನ್ನು ಆಟೋಗೆ ಎತ್ತಿ ಇಡಲು ಕೈ ಹಾಕಿದರು. ಗೌರಕ್ಕನ ದೊಡ್ಡ ಮೋಟಾರೂ ಹೋಯಿತು. ನಾಳೆ ತರುತ್ತೇನೆಂದವನ ಫೋನು ಆ ಸಂಜೆಯಿಂದಲೇ ಸತ್ತುಹೋಯಿತು.

ಮೊದಲು ಯಾರೂ ಸಾಹೇಬರನ್ನು ಏನೂ ಅನ್ನಲಿಲ್ಲ. ಅವರೇ ಎಲ್ಲರ ಮನೆಗೂ ಹೋಗಿ, ಅವನು ಎಲ್ಲೇ ಇದ್ದರೂ ಹಿಡಿದು ತರುತ್ತೇನೆ, ಸ್ವಲ್ಪ ತಾಳಿ, ಪೊಲೀಸರಿಗೆ ಆಮೇಲೆ ಹೇಳೋಣ ಎಂದರು. ಹಿರಿಯೂರಿಗೆ ಹೋಗಿ ಬಂದರು, ಅಲ್ಲಿ ಅವನು ಕೆಲಸ ಮಾಡುತ್ತಿದ್ದನೆಂದು ಹೇಳಿದ್ದ ಅಂಗಡಿಯೇ ಇರಲಿಲ್ಲ. ಹೊಸದುರ್ಗಕ್ಕೂ ಹೋಗಿ ಬಂದರು. ಕೊನೆಗೆ ಹೊಳಲ್ಕೆರೆಗೆ ಹೊರಟಾಗ ನನ್ನನ್ನು ಕರೆದರು. "ಬರ್ರಿ, ಹೋಗಾಣ. ಒಬ್ನೇ ಹೋಗಾಕೆ ಯಾಕೋ ಕಾಲು ಬರ್ತಿಲ್ಲ" ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿರಲಿಲ್ಲ, ಅಂಗಡಿ ಮುಚ್ಚಿ ಹೊರಟೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವರು ಆ ಕಂಡಕ್ಟರ ಕಥೆ ಹೇಳಿದರು. ಬಹಳ ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಒಂದು ಸಂಜೆ, ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದ ಬಸ್ಸನ್ನು ಇವರು ತಡೆದು ಹತ್ತಿದರು. ಹಿಂದಿನ ಸ್ಟಾಪಿನಲ್ಲಿ ಕೂಲಿಯವರ ಒಂದು ಗುಂಪು ಹತ್ತಿತ್ತು. ಕಂಡಕ್ಟರು ಅವರಿಂದ ದುಡ್ಡು ಇಸಿದುಕೊಂಡಿದ್ದ, ಟಿಕೆಟ್ ಹರಿದು ಕೊಡುವಷ್ಟರಲ್ಲಿ ಬಸ್ಸು ನಿಂತಿತ್ತು. ಕದಿಯುವ ಮನುಷ್ಯನಲ್ಲ ಎಂದು ಸಾಹೇಬರಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೆ ನಿಯಮದ ಪ್ರಕಾರ ಅದು ಕೇಸು, ಬರೆದರು. ಬರೆಯುವಾಗ ಕಂಡಕ್ಟರು, ನಿಮ್ಮ ಕೆಲಸ ನೀವು ಮಾಡಿ ಸಾರ್ ಎಂದು ತಾನೇ ಟಾರ್ಚು ಹಿಡಿದುಕೊಂಡು ನಿಂತಿದ್ದನಂತೆ. ಸಸ್ಪೆಂಡಾಯಿತು. ವಿಚಾರಣೆ ಎಳೆದುಕೊಂಡು ಹೋಯಿತು. ಕೊನೆಗೆ ತಪ್ಪಿಲ್ಲವೆಂದು ಕೆಲಸಕ್ಕೆ ತೆಗೆದುಕೊಂಡರು. ಆದರೆ ಅಷ್ಟರಲ್ಲಿ ಮನೆ ನಡೆಯದೆ ಮಗನನ್ನು ಶಾಲೆ ಬಿಡಿಸಿ ಮೋಟಾರು ರಿಪೇರಿ ಅಂಗಡಿಗೆ ಹಾಕಿದ್ದರು. ಹುಡುಗ ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ.

"ಅವತ್ತು ನಾನು ಪೆನ್ನು ತೆಗೀದೇ ಇದ್ದಿದ್ರೆ ಅವ ಇವತ್ತು ಚೀಲ ಹಾಕ್ಕಂಡು ನನ್ ಗೇಟಿಗೆ ಬರ್ತಿರ್ಲಿಲ್ಲ" ಎಂದರು.

ಕಂಡಕ್ಟರ ಮನೆ ಬಸ್ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಅವರು ಮಲಗಿದ್ದರು. ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತು ಸ್ವಲ್ಪ ತೊದಲುತ್ತಿತ್ತು. ಸಾಹೇಬರನ್ನು ಕಂಡು ಎಡಗೈಯಿಂದಲೇ ಎದ್ದು ಕೂರಲು ಹೋದರು. ಅವರ ಹೆಂಡತಿ ಓಡಿಬಂದು ದಿಂಬು ಒರಗಿಸಿದಳು, ನಮಗೆ ಚಾಪೆ ಹಾಸಿದಳು. ನಾವು ಬಾಯಿ ತೆಗೆಯುವ ಮೊದಲೇ ಅವರು ಮಾತು ಶುರುಮಾಡಿದರು. ಮಗ ಅಲ್ಲಿ ಇಲ್ಲಿ ಅಲೆದು, ಕೆಟ್ಟ ಸಹವಾಸ ಮಾಡಿ, ವರ್ಷಗಟ್ಟಲೆ ಮನೆಗೆ ಬಂದಿರಲಿಲ್ಲವಂತೆ. ಮೊನ್ನೆ ಬಂದು ಕಾಲ ಹತ್ತಿರ ಕೂತು, ದುರ್ಗದಲ್ಲಿ ನಿಮ್ಮ ಚೆಕಿಂಗ್ ಸಾಹೇಬರು ಸಿಕ್ಕರು, ಇಡೀ ಬೀದಿಯ ಕೆಲಸ ಕೊಡಿಸಿದರು ಎಂದು ಹೇಳಿ, ತಿಂಗಳಿಗಾಗುವಷ್ಟು ಔಷಧಿ ತಂದಿಟ್ಟು ಹೋದನಂತೆ. ಹುಬ್ಬಳ್ಳಿ ಕಡೆ ದೊಡ್ಡ ಕೆಲಸ ಸಿಕ್ಕಿದೆಯಂತೆ. ಕಿಟಕಿಯ ಮೇಲೆ ಆ ಔಷಧಿಯ ಡಬ್ಬಗಳು ಸಾಲಾಗಿ ಇದ್ದವು. ಅವರು ಎಡಗೈಯಲ್ಲಿ ಸಾಹೇಬರ ಕೈ ಹಿಡಿದುಕೊಂಡರು.

"ಸಾರ್, ನೀವು ಅವತ್ತು ಬರ್ದಿದ್ದು ನಂಗೇನು ಬ್ಯಾಸ್ರ ಇಲ್ಲ. ಇವತ್ತು ಮಗನ್ನ ಮನೆಗೆ ತಿರುಗ್ಸಿದ್ರಲ್ಲ, ಅಷ್ಟು ಸಾಕು."

ಸಾಹೇಬರು ಕುಡಿಯಲು ನೀರು ಕೇಳಿದರು. ಕುಡಿದು, ಒಳ್ಳೆಯ ಕೆಲಸಗಾರ ನಿಮ್ಮ ಮಗ, ಕೈ ಚೊಕ್ಕಟ ಎಂದು ಹೇಳಿ ಎದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊರಗೆ ಬಂದ ಕೂಡಲೇ ಬಸ್ ಸ್ಟ್ಯಾಂಡಿನ ತನಕ ಜಗಳವಾಡಿದೆ. ಅಪ್ಪನ ಔಷಧಿಗೆ ನಮ್ಮ ಮೋಟಾರೇ ಬೇಕಿತ್ತೇ, ಗೌರಕ್ಕ ಏನು ಪಾಪ ಮಾಡಿದ್ದಳು, ಅವನು ನಾಳೆ ಇನ್ನೊಂದು ಊರಿನಲ್ಲಿ ಇನ್ನೊಬ್ಬರ ಕಾಲು ಮುಟ್ಟುವುದಿಲ್ಲವೇ ಎಂದು ಕೇಳಿದೆ. ಬಸ್ಸು ಬಂದು ನಿಂತ ಮೇಲೆ ಅವರು ಬಾಗಿಲ ಕಂಬಿ ಹಿಡಿದುಕೊಂಡು ಹೇಳಿದರು.

"ಟಿಕೆಟ್ ಇಲ್ದೋನ್ನ ಇಳಿಸ್ಬೋದು. ಅವ್ರಪ್ಪನ್ನ ಎಲ್ಲಿ ಇಳಿಸ್ಲಿ ಹೇಳ್ರಿ? ಪೊಲೀಸ್ರು ಆ ಮಂಚದ ಮುಂದೆ ಹೋಗಿ ನಿಂತ್ರೆ ಅವತ್ತೇ ಉಸ್ರು ಬಿಡ್ತಾನೆ. ನೀವು ಇದನ್ನ ಯಾರ ಮುಂದೂ ಆಡ್ಬ್ಯಾಡ್ರಿ. ನಾನಿರೋಗಂಟ ಆಡ್ಬ್ಯಾಡ್ರಿ."

ನಾನು ಒಪ್ಪಿದೆ. ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಬೀದಿಯವರೂ ಮೋಸಹೋದವರೇ, ಅವರಿಗೂ ನ್ಯಾಯ ಬೇಕಿತ್ತು. ಆದರೆ ಆ ಕೋಣೆಯನ್ನು ನೋಡಿಬಂದ ಮೇಲೆ ಇಲ್ಲ ಎನ್ನಲಾಗಲಿಲ್ಲ.

ಮಾರನೆಯ ದಿನ ಬೀದಿಯವರೆಲ್ಲ ಅವರ ಗೇಟಿನ ಮುಂದೆ ಸೇರಿದರು. ಕಂಪ್ಲೇಂಟು ಕೊಡಬೇಕು, ಅವನ ಅಪ್ಪನ ವಿಳಾಸ ಕೊಡಿ ಎಂದರು. ಈ ನಾಲ್ಕು ತಾಲೂಕಿನಲ್ಲಿ ಯಾರ ಮನೆ ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲವರು ನೆಲ ನೋಡುತ್ತ, "ಸಿಗ್ಲಿಲ್ರಿ. ಅವ್ರಪ್ಪ ಎಲ್ಲಿದಾನೋ ನಂಗೊತ್ತಿಲ್ಲ" ಎಂದರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಎಷ್ಟು ಕೆಟ್ಟದಾಗಿ ಹೇಳಿದರೆಂದರೆ ಮುಂದೆ ನಿಂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊಲೀಸರಿಗೆ ಕೊಟ್ಟ ಕಂಪ್ಲೇಂಟಿನಲ್ಲಿ ಊರೂ ಇಲ್ಲ, ಅಪ್ಪನೂ ಇಲ್ಲ, ಸತ್ತ ಫೋನ್ ನಂಬರೊಂದೇ ಇತ್ತು. ಅದು ಎಲ್ಲಿಗೂ ಹೋಗಲಿಲ್ಲ.

ಅಷ್ಟಾದ ಮೇಲೆ ಯಾರಿಗೋ ಹೊಳೆಯಿತು. ಇಡೀ ಬೀದಿಯಲ್ಲಿ ಸಾಹೇಬರ ಮನೆಯ ಚಿಮಣಿಯೊಂದೇ ಗುಂಯ್ ಎನ್ನುತ್ತಿದೆಯಲ್ಲ? ಮನೆಮನೆಗೆ ಕರೆದುಕೊಂಡು ಬಂದವರೂ ಅವರೇ ಅಲ್ಲವೇ? ಕಮಿಷನ್ ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ, ಒಂದು ವಾರದಲ್ಲಿ ಹಾಲು ಹಾಕುವವನೂ ಅದನ್ನೇ ಹೇಳುತ್ತಿದ್ದ. ಗೌರಕ್ಕ ಮೆಣಸಿನಕಾಯಿ ಹುರಿಯಲು ತಾರಸಿಯ ಮೇಲೆ ಒಲೆ ಹೂಡಿದಳು. ಗಾಳಿ ಬೀಸಿದ ಕಡೆಯ ಮನೆಯವರೆಲ್ಲ ಅವಳ ಮೇಲೆ ಹರಿಹಾಯ್ದರು. ಹೊತ್ತಿಗೆ ಸರಿಯಾಗಿ ಪುಡಿ ಮುಟ್ಟದೆ ಎರಡು ಅಂಗಡಿಯವರು ಬೇರೆಯವರಿಂದ ತರಿಸಿಕೊಳ್ಳತೊಡಗಿದರು. ಬಿಸಿಲಲ್ಲಿ ಕಣ್ಣು ಕೆಂಪು ಮಾಡಿಕೊಂಡು ಬಾಣಲೆ ಆಡಿಸುತ್ತಿದ್ದ ಅವಳನ್ನು ಸಾಹೇಬರು ತಮ್ಮ ಗೇಟಿನಿಂದ ನೋಡುತ್ತ ನಿಂತಿರುತ್ತಿದ್ದರು.

ಒಂದು ಮಧ್ಯಾಹ್ನ ಅವರು ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿ ತಮ್ಮ ಚಿಮಣಿಯನ್ನು ಗೋಡೆಯಿಂದ ಬಿಚ್ಚಿಸಿದರು. ತಳ್ಳುಗಾಡಿಯ ಮೇಲೆ ಇಡಿಸಿಕೊಂಡು, ಕೆಳಗೆ ಬೀಳದ ಹಾಗೆ ಒಂದು ಕೈ ಒತ್ತಿ ಹಿಡಿದು, ಬೀದಿಯ ಉದ್ದಕ್ಕೂ ನಡೆದು ಗೌರಕ್ಕನ ಮನೆಗೆ ಹೋದರು. ನಾನು ನಮ್ಮ ಜಗಲಿಯಿಂದ ನೋಡುತ್ತಿದ್ದೆ. ಅವಳ ಬಾಗಿಲಲ್ಲಿ ಏನು ಮಾತಾಯಿತೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಗಾಡಿ, ಅದೇ ಚಿಮಣಿ, ಅದೇ ಕೈ ವಾಪಸ್ಸು ಬಂದವು. ನಮ್ಮ ಮನೆ ದಾಟುವಾಗ ನಾನು ಎದ್ದು ನಿಂತೆ. ಅವರು ನನ್ನ ಕಡೆ ನೋಡಲಿಲ್ಲ.

ಆ ಚಿಮಣಿಯನ್ನು ಅವರು ಮತ್ತೆ ಗೋಡೆಗೆ ಹಾಕಿಸಲಿಲ್ಲ. ವರಾಂಡದ ಮೂಲೆಯಲ್ಲಿ ಹಳೆಯ ಸೀರೆ ಸುತ್ತಿಕೊಂಡು ಅದು ಕೂತಿತ್ತು. ಅವರ ಮನೆಯವರು ಕಿಟಕಿ ತೆಗೆದಿಟ್ಟು ಅಡುಗೆ ಮಾಡಿದರು. ಸಾಹೇಬರು ಗೇಟಿಗೆ ಬಂದು ನಿಲ್ಲುವುದನ್ನು ಬಿಟ್ಟರು. ಚೀಲ ಹೊತ್ತವರು ತಮಗೆ ಬೇಕಾದ ಮನೆಯ ಬೆಲ್ ಒತ್ತಿದರು. ನಾನೊಮ್ಮೆ ಹೋಗಿ, ನೀವಿಲ್ಲದೆ ಬೀದಿ ಹಾಳುಬಿದ್ದಿದೆ ಎಂದು ಬೈದೇ ಹೇಳಿದೆ. ತಮ್ಮ ಕಣ್ಣು ಮಂಜಾಗಿದೆ, ಇನ್ನು ಚೆಕಿಂಗ್ ಮಾಡಲಾಗದು ಎಂದರು. ಕನ್ನಡಕ ಕೊಡುತ್ತೇನೆ ಬನ್ನಿ ಎಂದೆ. ನಕ್ಕರು. ಮುಂದಿನ ಮಳೆಗಾಲಕ್ಕೆ ಮನೆ ಬಾಡಿಗೆಗೆ ಕೊಟ್ಟು ಮದಕರಿಪುರಕ್ಕೆ ಹೋಗಿಬಿಟ್ಟರು. ಕಳಿಸಿಕೊಡಲು ನಿಂತವನು ನಾನೊಬ್ಬನೇ. ಆ ಬೆಳಿಗ್ಗೆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ತಿಥಿಗೆ ಬೀದಿಯಿಂದ ಯಾರೂ ಬರಲಾರರು ಎಂದುಕೊಂಡಿದ್ದೆ. ಗೌರಕ್ಕ ಬರುತ್ತೇನೆಂದಳು. ಅವಳು ಹೊಸ ಮೋಟಾರು ಹಾಕಿಸಿಕೊಂಡು ಹೇಗೋ ಚೇತರಿಸಿಕೊಂಡಿದ್ದಳು. ಸತ್ತವರ ಮೇಲೆ ಏನು ಹಗೆ, ಒಂದು ಕಾಲಕ್ಕೆ ನನ್ನ ಪುಡಿ ನೆಕ್ಕಿ ನೋಡುತ್ತಿದ್ದವರು ಎಂದಳು. ಇಬ್ಬರೂ ಹೋದೆವು.

ಪೆಂಡಾಲಿನಡಿ ಊಟಕ್ಕೆ ಕೂತಿದ್ದಾಗ ಆಟೋದಿಂದ ಕಂಡಕ್ಟರನ್ನು ಹೆಂಡತಿ ಇಳಿಸಿಕೊಂಡಳು. ಕೋಲು ಊರಿ, ಕಾಲೆಳೆದುಕೊಂಡು ಬಂದು ಫೋಟೋಗೆ ಕೈಮುಗಿದರು. ನನ್ನ ಗುರುತು ಸಿಕ್ಕಿತು. ನಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ಮಗ ಬರಬೇಕೆಂದಿದ್ದ, ಕೆಲಸ ಬಿಟ್ಟು ಬರಲಾಗಲಿಲ್ಲವಂತೆ, ತಿಂಗಳು ತಪ್ಪದೆ ಔಷಧಿ ಕಳಿಸುತ್ತಾನೆ, ಎಲ್ಲ ಈ ಪುಣ್ಯಾತ್ಮರಿಂದ ಎಂದು ಹೇಳಿ ಕಣ್ಣೊರೆಸಿಕೊಂಡರು. ಆಮೇಲೆ ಗೌರಕ್ಕನ ಕಡೆ ತಿರುಗಿ, ನೀವೂ ಸಾಹೇಬರ ಬೀದಿಯವರೇ ಎಂದು ಕೇಳಿದರು. ಅವಳು ಹೌದೆಂದಳು.

"ನಿಮ್ಮನೇದೂ ನನ್ ಮಗ್ನೇ ಮಾಡಿದ್ನೇನು ತಾಯಿ, ಚಿಮಣಿ ಕೆಲ್ಸ? ಸಾಹೇಬ್ರು ನಮ್ಮನಿಗಂಟ ಬಂದು ಹೇಳಿ ಹೋದ್ರು, ಕೈ ಚೊಕ್ಕಟ ಅಂತ."

ಗೌರಕ್ಕನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅವಳು ಅವರ ಬಿದ್ದ ಬಲಗೈಯನ್ನು ನೋಡಿದಳು, ನನ್ನನ್ನು ನೋಡಿದಳು. ಯಾವ ಅಪ್ಪ, ಯಾವ ಊರು, ಯಾಕೆ ಸಿಗಲಿಲ್ಲ ಎಂಬುದೆಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಬಂದುಹೋಯಿತು.

"ಹೂಂ ಕಣಣ್ಣ. ಚೆನ್ನಾಗಿ ಮಾಡ್ಯಾನೆ" ಎಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ದುರ್ಗ ಹತ್ತಿರವಾದಾಗ, ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತು, ಹೇಳಬೇಡ ಎಂದಿದ್ದರು ಎಂದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ಗಾಡಿ ಮ್ಯಾಲೆ ಚಿಮಣಿ ಇಟ್ಕಂಡು ಬಂದಿದ್ರಲ್ಲ" ಎಂದಳು. "ನಾನು ಬಾಗ್ಲಾಗೆ ನಿಂತು ಅಂದಿದ್ದೆ, ಕದ್ದ ಮಾಲಿನ ಪಾಲು ನಂಗ್ ಬ್ಯಾಡ ಹೋಗ್ರಿ ಅಂತ. ಅವ್ರು, ಒಲೆ ಹತ್ರ ಕಣ್ಣಿಗೆ ಹೊಗೆ ಹೋಗ್ದಂಗೆ ನೋಡ್ಕಳವ್ವ ಅಂದು, ಗಾಡಿ ತಿರುಗಿಸ್ಕಂಡು ಹೋದ್ರು."